ಜೂನ್ ತಿಂಗಳ ಬಾವುಟ

ಕೇಳುಗರಿಗೆಲ್ಲ ನಮಸ್ಕಾರ.

ಜೂನ್ ಅಂದರೆ ಸಲಿಂಗಿಗಳ, ಟ್ರಾನ್ಸ್‌ಜೆಂಡರ್ ಜನರ ‘ಪ್ರೈಡ್’ ತಿಂಗಳು. ಅದು ಬಂತು ಅಂದರೆ, ನಾವು ನಿಮ್ಮ ಜೊತೆ ಇದ್ದೇವೆ ಅಂತ ದೊಡ್ಡ ಕಂಪನಿಗಳ ಲೋಗೋಗಳಿಗೆ ಕಾಮನಬಿಲ್ಲಿನ ಬಣ್ಣ ಬರುತ್ತದೆ. ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲೂ ಅಷ್ಟೇ. ರಿಸೆಪ್ಷನ್ ಪಕ್ಕ ಒಂದು ಬಾವುಟ, ಕೊರಳಲ್ಲಿ ಬಣ್ಣಬಣ್ಣದ ಐಡಿ ಕಾರ್ಡ್ ದಾರ, ಕ್ಯಾಂಟೀನಿನಲ್ಲಿ ಕೇಕು. ಜುಲೈ ಒಂದಕ್ಕೆ ಎಲ್ಲ ಮಾಯ.

ಇದರಲ್ಲಿ ಒಂದು ತಮಾಷೆ ಇದೆ. ಜೂನ್ ತಿಂಗಳೇ ಯಾಕೆ? 1969ರ ಜೂನ್ 28ರ ನಸುಕಿನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಇನ್ ಅನ್ನುವ ಬಾರ್‌ಗೆ ಪೊಲೀಸರು ನುಗ್ಗಿದರು. ಅಲ್ಲಿದ್ದ ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಜನ ಈ ಸಲ ತಲೆ ತಗ್ಗಿಸಿ ಹೋಗದೆ ತಿರುಗಿ ಬಿದ್ದರು. ಆ ನೆನಪಿಗೆ ಜೂನ್. ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆ ನಡೆದಿದ್ದೂ ಜೂನ್‌ನಲ್ಲೇ, 2008ರ 29ನೇ ತಾರೀಕು. ಅದೇ ದಿನ ದೆಹಲಿ, ಕೋಲ್ಕತ್ತದಲ್ಲೂ ನಡೆಯಿತು. ಆಗ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377 ಇನ್ನೂ ಜೀವಂತ. ಮನೆಯವರ ಕಣ್ಣಿಗೆ ಬಿದ್ದೇವು, ಕೆಲಸ ಹೋದೀತು ಅಂತ ಎಷ್ಟೋ ಜನ ಮುಖವಾಡ ಹಾಕಿಕೊಂಡೇ ನಡೆದರು. ಆ ಸಾಲಿನ ಹಿಂದೆ ಬರೋಕೆ ಕಂಪನಿಗಳೇನೂ ಮುಗಿಬಿದ್ದಿರಲಿಲ್ಲ, ಬಿಡಿ. ಆಮೇಲೆ ನಮ್ಮ ಊರಿನ ಮೆರವಣಿಗೆ ನವೆಂಬರ್ ಕಡೆಗೆ ಸರಿಯಿತು. ಆಫೀಸಿನ ಬಾವುಟ ಮಾತ್ರ ಇವತ್ತಿಗೂ ಜೂನ್‌ನಲ್ಲೇ ಏರುತ್ತದೆ. ಹೆಡ್ ಆಫೀಸಿನಿಂದ ಮೇಲ್ ಬರುತ್ತದೆ, ಇಲ್ಲಿ ಕಟ್ಟುತ್ತಾರೆ. ಅದೇ ಹೆಡ್ ಆಫೀಸು ಕೊಲ್ಲಿ ದೇಶಗಳ ಶಾಖೆಗೆ ಆ ಮೇಲ್ ಕಳಿಸೋದಿಲ್ಲ. ಅಲ್ಲಿನ ಲೋಗೋ ಎಂದಿನ ಬಣ್ಣದಲ್ಲೇ ಇರುತ್ತದೆ.

ಹಾಗಾದರೆ ಇದೆಲ್ಲ ಬರೀ ನಾಟಕವಾ? ಅಮೆರಿಕದ ಈಚಿನ ಕತೆ ಕೇಳಿದರೆ ಹೌದು ಅನ್ನಿಸುತ್ತದೆ. 2023ರ ಏಪ್ರಿಲ್‌ನಲ್ಲಿ ಬಡ್ ಲೈಟ್ ಬಿಯರ್ ಕಂಪನಿ ಡಿಲನ್ ಮಲ್ವೇನಿ ಅನ್ನುವ ಟ್ರಾನ್ಸ್ ಮಹಿಳೆಗೆ ಅವರದೇ ಚಿತ್ರ ಇರುವ ಒಂದು ಬಿಯರ್ ಕ್ಯಾನ್ ಕಳಿಸಿತು. ಅವರು ಅದರ ವಿಡಿಯೋ ಹಾಕಿದರು. ಅಷ್ಟಕ್ಕೇ ದೇಶದ ತುಂಬ ಬಹಿಷ್ಕಾರದ ಕೂಗೆದ್ದಿತು, ಮಾರಾಟ ಬಿದ್ದುಹೋಯಿತು. ಕಂಪನಿ ಏನು ಮಾಡಿತು? ಮಾರ್ಕೆಟಿಂಗ್‌ನ ಇಬ್ಬರು ಅಧಿಕಾರಿಗಳನ್ನು ರಜೆ ಮೇಲೆ ಕಳಿಸಿತು. ಬೆದರಿಕೆಗಳ ನಡುವೆ ಮನೆಯಿಂದ ಹೊರಗೆ ಬರೋಕೇ ಹೆದರುತ್ತಿದ್ದ ಮಲ್ವೇನಿಗೆ ಒಂದು ಫೋನೂ ಮಾಡಲಿಲ್ಲವಂತೆ. ಹಾಗಂತ ಅವರೇ ಆಮೇಲೆ ಹೇಳಿದರು. 2025ರಲ್ಲಿ ರಾಜಕೀಯದ ಗಾಳಿ ತಿರುಗಿತು ನೋಡಿ, ಸ್ಯಾನ್ ಫ್ರಾನ್ಸಿಸ್ಕೋ ಪ್ರೈಡ್‌ಗೆ ದುಡ್ಡು ಕೊಡುತ್ತಿದ್ದ ಕೆಲವು ದೊಡ್ಡ ಕಂಪನಿಗಳು ಮೆಲ್ಲಗೆ ಜಾಗ ಖಾಲಿ ಮಾಡಿದವು.

ಆದರೂ ನಾನು ಈ ಬೆಂಬಲವನ್ನು ಪೂರ್ತಿ ತಳ್ಳಿಹಾಕೋದಿಲ್ಲ. ಕಂಪನಿಯ ಮನಸ್ಸಿನಲ್ಲಿ ಏನಿದೆ ಅಂತ ಹುಡುಕೋದೇ ದಂಡ. ಕಂಪನಿಗೆ ಮನಸ್ಸು ಎಲ್ಲಿಂದ ಬರಬೇಕು? ನಾನು ನೋಡೋದು ಕಾಗದವನ್ನು. ಹೆಚ್‌ಆರ್ ಪಾಲಿಸಿಯಲ್ಲಿ ಏನು ಬರೆದಿದ್ದಾರೆ, ಅದು ಯಾರವರೆಗೆ ಮುಟ್ಟುತ್ತದೆ, ಅಷ್ಟು.

ನಮ್ಮ ದೇಶದಲ್ಲಿ ಆ ಕಾಗದಕ್ಕೆ ಬೆಲೆ ಜಾಸ್ತಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗಿಗಳನ್ನು 377ರ ಹಿಡಿತದಿಂದ ಬಿಡಿಸಿತು, ಸರಿ. ಆದರೆ 2023ರ ಅಕ್ಟೋಬರ್ 17ರಂದು ಅದೇ ಕೋರ್ಟು ಅವರಿಗೆ ಮದುವೆಯ ಹಕ್ಕು ಕೊಡೋಕೆ ಒಪ್ಪಲಿಲ್ಲ. ಅಂದರೆ, ಹತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಇಬ್ಬರು ಗಂಡಸರು ಕಾನೂನಿನ ಲೆಕ್ಕದಲ್ಲಿ ಬರೀ ರೂಮ್‌ಮೇಟ್‌ಗಳು. ಅವರಲ್ಲಿ ಒಬ್ಬರಿಗೆ ಅಪೆಂಡಿಕ್ಸ್ ಆಪರೇಷನ್ ಆಗಬೇಕು ಅಂದುಕೊಳ್ಳಿ. ಇನ್ನೊಬ್ಬರ ಆಫೀಸಿನ ಗ್ರೂಪ್ ಇನ್ಶೂರೆನ್ಸ್ ಫಾರಂನಲ್ಲಿ ಗಂಡ ಅಥವಾ ಹೆಂಡತಿ ಅಂತ ಇರುವ ಕಾಲಂ ‘ಸಂಗಾತಿ’ ಅಂತಾಗಿದ್ದರೆ ಬಿಲ್ ಕಟ್ಟೋಕೆ ದಾರಿ ಇದೆ. ಇಲ್ಲದಿದ್ದರೆ ಸಾಲ. ಟಾಟಾ ಸ್ಟೀಲ್ 2019ರಲ್ಲೇ ಸಲಿಂಗಿ ಉದ್ಯೋಗಿಗಳ ಸಂಗಾತಿಗಳಿಗೂ ಸವಲತ್ತು ಕೊಡೋಕೆ ನಿಯಮ ಮಾಡಿತು. ಜಂಟಿ ಬ್ಯಾಂಕ್ ಖಾತೆ ತೆರೆಯೋಕೆ, ಸಂಗಾತಿಯ ಹೆಸರನ್ನು ನಾಮಿನಿಯಾಗಿ ಬರೆಯೋಕೆ ಯಾವ ಅಡ್ಡಿಯೂ ಇಲ್ಲ ಅಂತ ಸರ್ಕಾರ ಸ್ಪಷ್ಟ ಮಾಡಿದ್ದು 2024ರ ಆಗಸ್ಟ್‌ನಲ್ಲಿ. ಹಾಗೇ ಲಲಿತ್ ಹೋಟೆಲ್ ಸಮೂಹದ ಕೇಶವ್ ಸೂರಿ. 377 ಇನ್ನೂ ಜಾರಿಯಲ್ಲಿದ್ದಾಗಲೇ, 2018ರಲ್ಲಿ ತಮ್ಮ ಹೆಸರು ಹಾಕಿ ಅದರ ವಿರುದ್ಧ ಕೋರ್ಟಿಗೆ ಹೋದರು. ಇದಕ್ಕೆ ಧೈರ್ಯ ಬೇಕು. ಲೋಗೋಗೆ ಬಣ್ಣ ಹಚ್ಚೋಕೆ ಒಬ್ಬ ಡಿಸೈನರ್ ಸಾಕು.

ಹಳೆ ಲೆಕ್ಕ ಚುಕ್ತಾ ಮಾಡೋದೂ ಒಂದು ಕೆಲಸವೇ. ಲಿನ್ ಕಾನ್ವೇ ಅಂತ ಒಬ್ಬ ಕಂಪ್ಯೂಟರ್ ವಿಜ್ಞಾನಿ ಇದ್ದರು. ಹೆಣ್ಣಾಗಿ ಬದಲಾಗುತ್ತೇನೆ ಅಂದಿದ್ದಕ್ಕೆ ಐಬಿಎಂ ಅವರನ್ನು 1968ರಲ್ಲಿ ಕೆಲಸದಿಂದ ತೆಗೆದುಹಾಕಿತ್ತು. ಅವರು ಬೇರೆ ಕಡೆ ಹೋಗಿ, ಹಳೆಯದನ್ನು ಯಾರಿಗೂ ಹೇಳದೆ, ಚಿಪ್ ವಿನ್ಯಾಸದ ದಾರಿಯನ್ನೇ ಬದಲಿಸಿದರು. ಕಂಪನಿ ಕ್ಷಮೆ ಕೇಳಿದ್ದು 2020ರಲ್ಲಿ. ಐವತ್ತೆರಡು ವರ್ಷ! ತಡವಾಯಿತು ನಿಜ, ಆದರೆ ಅವರು ಬದುಕಿದ್ದಾಗಲೇ ಕೇಳಿತಲ್ಲ, ಅದನ್ನು ನಾನು ಬಣ್ಣದ ಕೇಕಿಗಿಂತ ಮೇಲೆ ಇಡುತ್ತೇನೆ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಈ ಒಳ್ಳೆಯ ಕಾಗದ ಯಾರಿಗೆ? ಕಂಪನಿಯ ರೋಲ್‌ನಲ್ಲಿ ಇರುವವರಿಗೆ. ಗೇಟಿನಲ್ಲಿ ನಿಂತ ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಹೆಂಗಸರು, ರಾತ್ರಿ ಪಾಳಿಯ ಕ್ಯಾಬ್ ಡ್ರೈವರ್, ಇವರೆಲ್ಲ ಏಜೆನ್ಸಿ ಕಡೆಯವರು. ಅವರಲ್ಲಿ ಒಬ್ಬರು ಟ್ರಾನ್ಸ್ ಅಂತ ಗೊತ್ತಾದರೆ ಮರುದಿನ ಏಜೆನ್ಸಿ ಬೇರೆಯವರನ್ನು ಕಳಿಸಬಹುದು, ಕೇಳುವವರಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಗಾದೆ ಇದೆಯಲ್ಲ, ಹಾಗೆ. ಹೋಗಲಿ, ಕೆಲಸ ಕೊಟ್ಟರು ಅಂತಲೇ ಇಟ್ಟುಕೊಳ್ಳಿ. 2017ರಲ್ಲಿ ಕೊಚ್ಚಿ ಮೆಟ್ರೋ ಟ್ರಾನ್ಸ್‌ಜೆಂಡರ್ ಜನರಿಗೆ ಕೆಲಸ ಕೊಟ್ಟು ದೇಶವೆಲ್ಲ ಹೊಗಳಿಸಿಕೊಂಡಿತು. ಕೆಲವೇ ದಿನಗಳಲ್ಲಿ ಅವರಲ್ಲಿ ಕೆಲವರು ಕೆಲಸ ಬಿಟ್ಟರು. ಕಾರಣ, ಊರಿನಲ್ಲಿ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಲಾಡ್ಜಿನ ಬಾಡಿಗೆ ಸಂಬಳಕ್ಕೆ ಎಟುಕುತ್ತಿರಲಿಲ್ಲ.

ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ಕೆಲಸಗಳಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ಶೇಕಡ 1ರಷ್ಟು ಮೀಸಲಾತಿ ಕೊಟ್ಟಿತು. ಖಾಸಗಿಯವರಿಗೆ ಅಂಥ ಬಲವಂತ ಇಲ್ಲ. ಆದರೆ 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಅವರಿಗೂ ಅನ್ವಯಿಸುತ್ತದೆ. ದೂರು ಕೇಳೋಕೆ ಒಬ್ಬ ಅಧಿಕಾರಿ ಇರಲೇಬೇಕು ಅನ್ನುತ್ತದೆ ಅದು. ನಿಮ್ಮ ಆಫೀಸಿನಲ್ಲಿ ಆ ಅಧಿಕಾರಿ ಯಾರು? ಈ ಜೂನ್‌ನಲ್ಲಿ ಕೇಕು ತಿನ್ನುವಾಗ ಹೆಚ್‌ಆರ್ ಅವರನ್ನು ಸುಮ್ನೆ ಒಂದು ಮಾತು ಕೇಳಿ ನೋಡಿ.

ಮೆರವಣಿಗೆಗೆ ಕಂಪನಿಯವರು ಬರಲಿ. ಎಲ್ಲರ ಜೊತೆ ನಡೆಯಲಿ, ಘೋಷಣೆ ಕೂಗಲಿ. ಆದರೆ ದುಡ್ಡು ಕೊಟ್ಟೆವು ಅಂತ ಮುಂದಿನ ಸಾಲು, ದೊಡ್ಡ ಬ್ಯಾನರು ಕೇಳೋದು ಬೇಡ. ದೆಹಲಿಯ ಪ್ರೈಡ್ ಕಂಪನಿಗಳ ಪ್ರಾಯೋಜನೆಯನ್ನೇ ಬೇಡ ಅಂದು ಜನರ ದೇಣಿಗೆಯಲ್ಲಿ ನಡೆಯುತ್ತದೆ. ಅದು ಕಷ್ಟದ ದಾರಿ, ಆದರೆ ಆಗದ ದಾರಿ ಅಲ್ಲ. 2025ರ ಜನವರಿಯಲ್ಲಿ ಅಮೆರಿಕದ ದೊಡ್ಡ ಅಂಗಡಿ ಸರಣಿ ಟಾರ್ಗೆಟ್, ಎಲ್ಲ ಬಗೆಯ ಜನರಿಗೂ ಅವಕಾಶ ಸಿಗಲಿ ಅಂತ ನಡೆಸುತ್ತಿದ್ದ ತನ್ನ ವೈವಿಧ್ಯದ ಕಾರ್ಯಕ್ರಮಗಳನ್ನು ಮೊಟಕು ಮಾಡಿತು. ಅದರ ಸ್ವಂತ ಊರು ಮಿನಿಯಾಪೊಲಿಸ್‌ನ ಪ್ರೈಡ್ ಸಂಘಟಕರು, ನಿಮ್ಮ 50,000 ಡಾಲರ್ ನಮಗೆ ಬೇಡ ಅಂದುಬಿಟ್ಟರು. ಆಮೇಲೆ ಜನರ ಹತ್ತಿರ ಕೈಚಾಚಿದರು. ಬೇಗನೇ ಅದಕ್ಕಿಂತ ಜಾಸ್ತಿ ಹಣ ಸೇರಿತು.

ನಮಸ್ಕಾರ.