ಹಾಳಾಗಿದ್ದು ವೋಟಾ, ಲೆಕ್ಕವಾ?

ಎಲ್ಲರಿಗೂ ನಮಸ್ಕಾರ. ಮತದಾರರ ದಿನ ಅಂತ ಚಾಮರಾಜನಗರಕ್ಕೆ ಕರೆಸಿದ್ದೀರಿ. ಬೆಳಿಗ್ಗೆಯೇ ಪ್ರತಿಜ್ಞೆ ಮಾಡಿ ಆಗಿದೆ, ಹಾಗಾಗಿ ತಪ್ಪದೆ ವೋಟು ಹಾಕಿ ಅಂತ ನಾನು ಮತ್ತೆ ಹೇಳುವುದಿಲ್ಲ. ಹಾಕಿದ ವೋಟಿನ ಗತಿ ಏನಾಗುತ್ತದೆ ಅನ್ನುವುದೇ ನನ್ನ ತಕರಾರು.

"ಸುಮ್ನೆ ವೋಟು ಹಾಳು ಮಾಡ್ಕೋಬೇಡಿ. ಅವನು ಒಳ್ಳೆಯವನೇ, ಆದರೆ ಗೆಲ್ಲಲ್ಲ." ಈ ಮಾತು ಕೇಳದವರು ಈ ಸಭೆಯಲ್ಲಿ ಇಲ್ಲ, ಅಲ್ವಾ? ಇದನ್ನು ಹೇಳುವವರು ಯಾರು ನೋಡಿ. ಒಂದನೇ ಅಥವಾ ಎರಡನೇ ಸ್ಥಾನದ ಪಕ್ಷದವರು. ಮೂರನೆಯವನ ಬಾಯಲ್ಲಿ ಈ ಮಾತು ಬಂದಿದ್ದನ್ನು ನಾನಂತೂ ಕೇಳಿಲ್ಲ.

ನಿಮ್ಮ ಜಿಲ್ಲೆಯ ಕಥೆಯನ್ನು ನಿಮಗೇ ಹೇಳಲು ಸ್ವಲ್ಪ ಮುಜುಗರ. ಆದರೂ ಹೇಳುತ್ತೇನೆ, ನನಗೆ ಇದು ಬಹಳ ಇಷ್ಟ. 2004ರ ವಿಧಾನಸಭೆ ಚುನಾವಣೆ, ಸಂತೇಮರಹಳ್ಳಿ ಕ್ಷೇತ್ರ. ಕಾಂಗ್ರೆಸ್‌ನ ಧ್ರುವನಾರಾಯಣ ಅವರಿಗೆ 40,752 ವೋಟು. ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ವೋಟು. ಕೃಷ್ಣಮೂರ್ತಿಯವರ ಡ್ರೈವರ್‌ಗೆ ಅವತ್ತು ಡ್ಯೂಟಿ ಇತ್ತಂತೆ, ವೋಟು ಹಾಕಲು ಬಿಡುವೇ ಸಿಗಲಿಲ್ಲವಂತೆ. ಇದು ಎಷ್ಟು ನಿಜವೋ ಗೊತ್ತಿಲ್ಲ, ಆದರೆ ಇಡೀ ದೇಶದ ಮತದಾರರ ಜಾಗೃತಿ ಭಾಷಣಗಳು ಇಪ್ಪತ್ತು ವರ್ಷದಿಂದ ಆ ಡ್ರೈವರ್ ಹೆಗಲ ಮೇಲೇ ಸವಾರಿ ಮಾಡುತ್ತಿವೆ. ಅವತ್ತು ಬೂತಿನ ಕಡೆ ತಲೆ ಹಾಕದವರು ಸಾವಿರಾರು ಜನ. ಸಿಕ್ಕಿಬಿದ್ದವನು ಡ್ರೈವರ್ ಒಬ್ಬ.

ಈ ಡ್ರೈವರ್‌ನನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಅವನು ಮತ್ತೆ ಬರುತ್ತಾನೆ.

2019ರ ಲೋಕಸಭೆ. ಒಂದು ವೋಟಿನಲ್ಲಿ ಗೆದ್ದಿದ್ದ ಅದೇ ಧ್ರುವನಾರಾಯಣ, ಇಲ್ಲೇ, ಬಿಜೆಪಿಯ ಶ್ರೀನಿವಾಸ ಪ್ರಸಾದ್ ಎದುರು 1,817 ವೋಟಿನಲ್ಲಿ ಸೋತರು. ಆನೆ ಗುರುತಿನ ಬಿಎಸ್‌ಪಿಗೆ ಬಿದ್ದಿದ್ದು 80 ಸಾವಿರಕ್ಕೂ ಜಾಸ್ತಿ. ಮಾರನೇ ದಿನದಿಂದಲೇ ಶುರು: "ಆನೆಗೆ ಹಾಕಿ ಕೆಡಿಸಿದ್ರು." ನೋಡಿ, ಮತ್ತೆ ಒಬ್ಬ ಡ್ರೈವರ್ ಸಿಕ್ಕ!

ನನ್ನ ಪ್ರಶ್ನೆ ಇಷ್ಟೇ. ಆ 80 ಸಾವಿರ ವೋಟು ಕಾಂಗ್ರೆಸ್‌ನವರ ಪಿತ್ರಾರ್ಜಿತ ಆಸ್ತಿಯಾ? ಬೇರೆಯವರು ಬೇಲಿ ಹಾರಿ ಕೊಯ್ದುಕೊಂಡು ಹೋದರಾ? ಬಿಎಸ್‌ಪಿಗೆ ಹಾಕಿದವರು ಬಿಎಸ್‌ಪಿ ಬೇಕು ಅಂತ ಹಾಕಿದರು. "ಅದಿಲ್ಲದಿದ್ದರೆ ಯಾವುದಪ್ಪ?" ಅಂತ ಅವರನ್ನು ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಮೆಷಿನ್‌ನಲ್ಲಿ ಜಾಗವೇ ಇಲ್ಲ. ಹಾಳಾಗಿದ್ದು ವೋಟಲ್ಲ, ಲೆಕ್ಕ.

ಹಾಗಂತ ಸಣ್ಣ ಪಕ್ಷದವರೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ಪಕ್ಕದ ಕೊಳ್ಳೇಗಾಲಕ್ಕೆ ಬನ್ನಿ. 2018ರಲ್ಲಿ ಜೆಡಿಎಸ್ ಆ ಸೀಟನ್ನು ಬಿಎಸ್‌ಪಿಗೆ ಬಿಟ್ಟುಕೊಟ್ಟಿತು. ಲೆಕ್ಕ ಹಾಕಿ ವೋಟು ಹಾಕುವುದು ಮತದಾರರಿಗೆ ಮಾತ್ರ ಗೊತ್ತಿರುವ ವಿದ್ಯೆ ಅಂತ ತಿಳಿಯಬೇಡಿ, ಪಕ್ಷಗಳು ಅದರಲ್ಲಿ ಪಿಎಚ್.ಡಿ ಮಾಡಿವೆ. ಎಷ್ಟೋ ವರ್ಷದಿಂದ ಸೋಲುತ್ತಿದ್ದ ಎನ್. ಮಹೇಶ್ ಗೆದ್ದರು, ಮಂತ್ರಿಯೂ ಆದರು. ಕೆಲವೇ ತಿಂಗಳಲ್ಲಿ ರಾಜೀನಾಮೆ. 2019ರಲ್ಲಿ ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದ ದಿನ ಸದನಕ್ಕೆ ಬರಲಿಲ್ಲ, ಪಕ್ಷ ಉಚ್ಚಾಟನೆ ಮಾಡಿತು. 2021ರಲ್ಲಿ ಬಿಜೆಪಿ ಸೇರಿದರು. "ಗೆಲ್ಲಲ್ಲ" ಅಂತ ಎಲ್ಲರೂ ಹೇಳುತ್ತಿದ್ದಾಗಲೂ ಆನೆಗೇ ಹಾಕಿದವನು ಅವತ್ತು ಯಾರ ಹತ್ತಿರ ಹೋಗಿ ಅಳಬೇಕು? ಆ ಪಕ್ಷಕ್ಕೆ ರಾಜ್ಯದಲ್ಲಿ ಇದ್ದಿದ್ದೇ ಒಬ್ಬ ಶಾಸಕ.

2023ರಲ್ಲಿ ಮಹೇಶ್ ಕಮಲದ ಗುರುತಿನಲ್ಲಿ ನಿಂತು ಸೋತರು. ಯಾರ ಮೇಲೆ? ನಗುತ್ತಿದ್ದೀರಿ, ಗೊತ್ತಿದೆ ನಿಮಗೆ. ಅದೇ ಎ.ಆರ್. ಕೃಷ್ಣಮೂರ್ತಿ! ಈಗ ಕಾಂಗ್ರೆಸ್‌ನಿಂದ, ಸುಮಾರು 59 ಸಾವಿರ ವೋಟಿನ ಅಂತರದಲ್ಲಿ. ಈ ಸಲವಾದರೂ ಡ್ರೈವರ್‌ಗೆ ಬೆಳಿಗ್ಗೆಯೇ ರಜೆ ಕೊಟ್ಟಿರಬೇಕು.

ದೇಶದ ಮಟ್ಟದಲ್ಲಿ ನೋಡಿದರೆ ಲೆಕ್ಕ ಇನ್ನೂ ವಿಚಿತ್ರ. 2014ರಲ್ಲಿ ಬಿಎಸ್‌ಪಿಗೆ ಶೇ. 4ಕ್ಕಿಂತ ಜಾಸ್ತಿ ವೋಟು, ಎರಡು ಕೋಟಿಗೂ ಮೀರಿ. ಸೀಟು ಸೊನ್ನೆ. ಅದಕ್ಕಿಂತ ಕಡಿಮೆ ವೋಟು ಪಡೆದ ಅಣ್ಣಾ ಡಿಎಂಕೆಗೆ 37 ಸೀಟು. ಅವರದು ಒಂದೇ ರಾಜ್ಯದಲ್ಲಿ ಗುಡ್ಡೆ ಹಾಕಿದ ರಾಗಿ, ಇವರದು ಊರೆಲ್ಲ ಚೆಲ್ಲಿದ ರಾಗಿ. ನಮ್ಮಲ್ಲೇ 2018ರಲ್ಲಿ ಕಾಂಗ್ರೆಸ್‌ಗೆ ಶೇ. 38, ಬಿಜೆಪಿಗೆ ಶೇ. 36. ಸೀಟು ಜಾಸ್ತಿ ಬಂದಿದ್ದು ಬಿಜೆಪಿಗೆ. ಅಂದರೆ ಈ ಪೆಟ್ಟು ಸಣ್ಣವರಿಗೆ ಮಾತ್ರ ಬೀಳುವುದೂ ಅಲ್ಲ.

ದಾರಿ ಏನು ಅಂತ ಕೇಳುತ್ತೀರಿ. ದಾರಿ ನಮ್ಮ ಮನೆಯಲ್ಲೇ ಇದೆ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ, ಶಿಕ್ಷಕರ ಕ್ಷೇತ್ರದಲ್ಲಿ ನಾವು ಹೇಗೆ ವೋಟು ಹಾಕುತ್ತೇವೆ? ಒಂದು, ಎರಡು, ಮೂರು ಅಂತ ಪ್ರಾಶಸ್ತ್ಯ ಬರೆಯುತ್ತೇವೆ. ನನ್ನ ಮೊದಲನೆಯವನು ಕೊನೆಗೆ ಬಂದು ಎಣಿಕೆಯಿಂದ ಹೊರಬಿದ್ದರೆ ನನ್ನ ವೋಟು ಎರಡನೆಯವನಿಗೆ ಹೋಗುತ್ತದೆ. ರಾಷ್ಟ್ರಪತಿ ಚುನಾವಣೆಯೂ ಹಾಗೆಯೇ. 1969ರಲ್ಲಿ ವಿ.ವಿ. ಗಿರಿ ಗೆದ್ದಿದ್ದು ಎರಡನೇ ಪ್ರಾಶಸ್ತ್ಯದ ಎಣಿಕೆಯಲ್ಲಿ. ಮೇಷ್ಟ್ರಿಗೆ, ಡಿಗ್ರಿಯವರಿಗೆ, ಎಂಎಲ್ಎಗಳಿಗೆ ಈ ಅವಕಾಶ ಇದೆ. ಉಳಿದ ಜನಕ್ಕೆ ಇದು ಕಷ್ಟವಂತೆ, ಅರ್ಥವಾಗುವುದಿಲ್ಲವಂತೆ. ಡೈರಿಗೆ ಹಾಲು ಹಾಕುವ ಹೆಂಗಸರು ಫ್ಯಾಟ್ ಲೆಕ್ಕದಲ್ಲಿ ಹತ್ತು ಪೈಸೆ ತಪ್ಪಿದರೆ ಅಲ್ಲೇ ನಿಲ್ಲಿಸಿ ಕೇಳುತ್ತಾರೆ. ಅವರಿಗೆ ಒಂದು, ಎರಡು, ಮೂರು ಬರೆಯಲು ಬರಲ್ವಾ? ಮತ್ತೆ ಅದೇ ಹೇಳುತ್ತೇನೆ, ಹಾಳಾಗಿದ್ದು ವೋಟಲ್ಲ.

ಚೀಟಿ ಬಂತು. ಐದು ನಿಮಿಷ ಅಂತ ಬರೆದಿದ್ದಾರೆ. ಬ್ರಿಟನ್ ಬಗ್ಗೆ ದೊಡ್ಡದಾಗಿ ಹೇಳಬೇಕು ಅಂತ ಬಂದಿದ್ದೆ. 2011ರಲ್ಲಿ ಅಲ್ಲಿ ಇದೇ ಒಂದು-ಎರಡು-ಮೂರನ್ನು ಜನರ ಮುಂದಿಟ್ಟರು, ಮೂರರಲ್ಲಿ ಎರಡು ಪಾಲು ಜನ ಬೇಡ ಅಂದರು. ಯಾಕೆ ಅಂತ ಹೇಳಲು ಈಗ ಹೊತ್ತಿಲ್ಲ. ಜರ್ಮನಿಯದನ್ನು ಬಿಟ್ಟೇ ಬಿಡುತ್ತೇನೆ. ಇನ್ನೊಂದು ಮಾತು: ಯಾವ ಸೀಟೂ ಗೆಲ್ಲದಿದ್ದರೂ ರಾಜ್ಯದಲ್ಲಿ ಶೇ. 8 ವೋಟು ಬಿದ್ದರೆ ಆ ಪಕ್ಷಕ್ಕೆ ರಾಜ್ಯ ಪಕ್ಷದ ಮಾನ್ಯತೆ ಸಿಗುತ್ತದೆ. ಇದನ್ನು ಬರೆದುಕೊಳ್ಳಿ, ಪರೀಕ್ಷೆಗೂ ಬರುತ್ತದೆ.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. ಇಷ್ಟೆಲ್ಲ ಹೇಳುವ ನಾನು ಒಂದು ಚುನಾವಣೆಯಲ್ಲಿ ಗೆದ್ದೆತ್ತಿನ ಬಾಲ ಹಿಡಿದವನೇ. ನಮ್ಮೂರಿನ ರೈತಸಂಘದ ಹುಡುಗ ನಿಂತಿದ್ದ. ನನ್ನ ಶಿಷ್ಯ. ಬೂತಿಗೆ ಹೋಗುವವರೆಗೂ ಅವನಿಗೇ ಅಂತ ಇದ್ದೆ. ಮೆಷಿನ್ ಮುಂದೆ ನಿಂತಾಗ ಅವನು ಗೆಲ್ಲಲ್ಲ ಅನ್ನಿಸಿತು, ಬೇರೆ ಬಟನ್ ಒತ್ತಿದೆ. ಠೇವಣಿ ಹೋಯಿತು ಹುಡುಗನದು. ವಾರದ ನಂತರ ಟೀ ಅಂಗಡಿಯಲ್ಲಿ ಸಿಕ್ಕಿದ. ಬೂತುವಾರು ಪಟ್ಟಿ ಅವನ ಜೇಬಲ್ಲೇ ಇತ್ತು. "ಮೇಷ್ಟ್ರೇ, ನಮ್ಮ ಬೂತಲ್ಲಿ ನನಗೆ ಹನ್ನೊಂದು ವೋಟು. ಅದರಲ್ಲಿ ಎರಡು ನಿಮ್ಮನೆದು. ಮರೆಯಲ್ಲ ನಾನು" ಅಂದ. ನನ್ನ ಹೆಂಡತಿ ಅವನಿಗೇ ಹಾಕಿದ್ದು ನಿಜ. ಇನ್ನೊಂದರ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಟೀ ದುಡ್ಡನ್ನೂ ಅವನೇ ಕೊಟ್ಟ.