ಮೇಲ್ಮನವಿಯ ಸಂಜೆ ನಗರ ಪರಿಷತ್ತು

ಸಭಿಕರೇ,

ನಗರದ ಹೃದಯಭಾಗದಲ್ಲಿ ಬಹುಮಹಡಿ ಕಚೇರಿ ಕಟ್ಟಡವೊಂದಕ್ಕೆ ಕಟ್ಟಡದ ಅರ್ಜಿಗಳನ್ನು ಮೊದಲು ಪರಿಶೀಲಿಸುವ ನಗರದ ಯೋಜನಾ ಆಯೋಗ ಒಪ್ಪಿಗೆ ಕೊಟ್ಟಿದೆ. ಅದನ್ನು ಪ್ರಶ್ನಿಸಿ ನೆರೆಯ ನಿವಾಸಿಗಳೂ ಅಂಗಡಿಕಾರರೂ ನಗರ ಪರಿಷತ್ತಿಗೆ ಮೇಲ್ಮನವಿ ಸಲ್ಲಿಸಿದ್ದಾರೆ. ಅಮೆರಿಕದ ನಗರಗಳಲ್ಲಿ ಇದು ಹೊಸ ಸಂಗತಿಯೇನಲ್ಲ. ವಿಚಾರಣೆಯ ಸಂಜೆ ಸಭಾಂಗಣ ತುಂಬುತ್ತದೆ, ಮಾತನಾಡುವವರ ಸಾಲು ಬಾಗಿಲು ಮುಟ್ಟುತ್ತದೆ, ಮತ್ತು ಬಂದವರಲ್ಲಿ ಅನೇಕರು ತಮ್ಮ ತಲೆ ಎಣಿಸಿಯೇ ತೀರ್ಮಾನವಾಗುತ್ತದೆಂದು ನಂಬಿರುತ್ತಾರೆ. ಆ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದೇ ನನ್ನ ಇಂದಿನ ವಿಷಯ.

1915ರಲ್ಲಿ ನ್ಯೂಯಾರ್ಕಿನಲ್ಲಿ ಈಕ್ವಿಟಬಲ್ ಕಟ್ಟಡ ಮೇಲೆದ್ದಾಗ, ಒಂದು ಎಕರೆಗೂ ಕಡಿಮೆಯಿದ್ದ ನಿವೇಶನದ ಮೇಲೆ ಸುಮಾರು 12 ಲಕ್ಷ ಚದರ ಅಡಿ ಕಚೇರಿ ಜಾಗ ನಿಂತುಬಿಟ್ಟಿತು. ಅಕ್ಕಪಕ್ಕದ ಕಟ್ಟಡಗಳು ಬೆಳಕು ಕಳೆದುಕೊಂಡವು. ಆಗ ಅದನ್ನು ತಡೆಯುವ ಕಾನೂನೇ ಇರಲಿಲ್ಲ. ಮರುವರ್ಷ ಆ ನಗರ ವಲಯ ನಿಯಮಗಳನ್ನು, ಅಂದರೆ ಯಾವ ಭಾಗದಲ್ಲಿ ಏನನ್ನು ಹೇಗೆ ಕಟ್ಟಬಹುದೆಂದು ಹೇಳುವ ನಿಯಮಗಳನ್ನು, ಜಾರಿಗೆ ತಂದಿತು, 1926ರಲ್ಲಿ ಯೂಕ್ಲಿಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ನಿಯಮಗಳಿಗೆ ಮಾನ್ಯತೆ ನೀಡಿತು. ಎತ್ತರ ಎಷ್ಟಿರಬೇಕು, ರಸ್ತೆಯಿಂದ ಎಷ್ಟು ಹಿಂದೆ ಸರಿದು ಕಟ್ಟಬೇಕು ಎಂಬುದನ್ನು ಇಡೀ ನಗರಕ್ಕೆ ಅನ್ವಯಿಸುವಂತೆ ನಿರ್ಧರಿಸುವಾಗ ಪರಿಷತ್ತು ಶಾಸಕಾಂಗವಾಗಿ ವರ್ತಿಸುತ್ತದೆ. ಅಲ್ಲಿ ಜನಾಭಿಪ್ರಾಯಕ್ಕೆ ಪೂರ್ಣ ಹಕ್ಕಿದೆ, ಇರಲೇಬೇಕು.

ಆದರೆ ಒಬ್ಬ ಅರ್ಜಿದಾರನ ಒಂದು ಕಟ್ಟಡ ಆ ನಿಯಮಕ್ಕೆ ಹೊಂದುತ್ತದೆಯೇ ಎಂದು ನೋಡುವ ಹೊತ್ತಿಗೆ ಅದೇ ಸದಸ್ಯರ ಪಾತ್ರ ನ್ಯಾಯಾಧೀಶರದಕ್ಕೆ ಹತ್ತಿರವಾಗುತ್ತದೆ. ನಿರ್ದಿಷ್ಟ ಜಮೀನಿನ ವಲಯ ಬದಲಾವಣೆಗೆ ಸಂಬಂಧಿಸಿದ ಫಸಾನೊ ಪ್ರಕರಣದಲ್ಲಿ ಆರೆಗಾನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1973ರಲ್ಲಿಯೇ ಈ ಭೇದವನ್ನು ಗುರುತಿಸಿತು. ನ್ಯಾಯಾಧೀಶನ ಪಾತ್ರ ಬಂದೊಡನೆ ಅದರ ಕಟ್ಟುಪಾಡುಗಳೂ ಬರುತ್ತವೆ: ಬಿಲ್ಡರ್ ಜೊತೆಗಾಗಲಿ ಮೇಲ್ಮನವಿದಾರರ ಜೊತೆಗಾಗಲಿ ಸಭೆಯ ಹೊರಗೆ ಮಾತನಾಡಿದ ಸದಸ್ಯರು ಅದನ್ನು ಬಹಿರಂಗಪಡಿಸಬೇಕು, ಕಟ್ಟಡದಲ್ಲಿ ಹಣಕಾಸಿನ ಹಿತಾಸಕ್ತಿ ಇದ್ದವರು ಹಿಂದೆ ಸರಿಯಬೇಕು, ತೀರ್ಮಾನ ಕಡತದಲ್ಲಿರುವ ಸಾಕ್ಷ್ಯದ ಮೇಲೆ ನಿಲ್ಲಬೇಕು.

ಸಾಕ್ಷ್ಯದ ಪ್ರಶ್ನೆಯಲ್ಲೇ ಮೇಲ್ಮನವಿಗಳು ಗೆಲ್ಲುವುದು, ಸೋಲುವುದು. 'ಈ ಕಟ್ಟಡ ನಮ್ಮ ಬೀದಿಯ ಸ್ವರೂಪವನ್ನೇ ಕೆಡಿಸುತ್ತದೆ' ಎಂಬ ಮಾತನ್ನು ನೂರು ಜನ ಹೇಳಿದರೂ ಅದು ಅಭಿಪ್ರಾಯವಾಗಿಯೇ ಉಳಿಯಬಹುದು. ಡಿಸೆಂಬರ್ ತಿಂಗಳ ಮಧ್ಯಾಹ್ನ ಎದುರಿನ ಉದ್ಯಾನದ ಎಷ್ಟು ಭಾಗಕ್ಕೆ ನೆರಳು ಬೀಳುತ್ತದೆಂದು ತೋರಿಸುವ ಒಂದೇ ನಕ್ಷೆ, ಅಥವಾ ಅರ್ಜಿದಾರರ ಟ್ರಾಫಿಕ್ ವರದಿ ಸಂಜೆಯ ದಟ್ಟಣೆಯ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ತೋರಿಸುವ ಒಂದೇ ಪುಟ, ಪರಿಷತ್ತನ್ನು ಉತ್ತರ ಕೊಡುವಂತೆ ಕಟ್ಟಿಹಾಕುತ್ತದೆ. ಸಂಘಟಿತ ವಿರೋಧಿಗಳು ಸಹಿ ಸಂಗ್ರಹಕ್ಕೆ ಕೊಡುವ ಸಮಯದ ಅರ್ಧವನ್ನಾದರೂ ಕಡತ ಓದಲು ಕೊಡಬಾರದೇ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಹಾಗೆಂದು ಮಾಲೀಕನಿಗೆ ಕಟ್ಟುವ ಹಕ್ಕು ನಿರಂಕುಶವಾಗಿದೆಯೆಂದು ಭಾವಿಸಬೇಕಿಲ್ಲ. ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಮೇಲೆ 50ಕ್ಕೂ ಹೆಚ್ಚು ಮಹಡಿಗಳ ಕಚೇರಿ ಗೋಪುರ ಕಟ್ಟುವ ಯೋಜನೆಯನ್ನು ನ್ಯೂಯಾರ್ಕ್ ತಿರಸ್ಕರಿಸಿದಾಗ, 1978ರಲ್ಲಿ ಸುಪ್ರೀಂ ಕೋರ್ಟ್ ನಗರದ ಪರವಾಗಿಯೇ ನಿಂತಿತು. ಗಮನಿಸಬೇಕಾದದ್ದೆಂದರೆ, ಆ ನಿಲ್ದಾಣವನ್ನು 1967ರಲ್ಲೇ, ಗೋಪುರದ ನಕ್ಷೆ ಬರುವ ಮುಂಚೆಯೇ, ಸಂರಕ್ಷಿತ ಕಟ್ಟಡವೆಂದು ಘೋಷಿಸಲಾಗಿತ್ತು. ನಿಯಮ ಮೊದಲು, ಅರ್ಜಿ ನಂತರ.

ಇನ್ನು ತೀರ್ಮಾನದ ಬರವಣಿಗೆ. ಮತ ಹಾಕಿದ ಮೇಲೆ 'ಇದಕ್ಕೆ ಕಾರಣಗಳನ್ನು ಬರೆದುಕೊಡಿ' ಎಂದು ಅಧಿಕಾರಿಗಳಿಗೆ ಹೇಳುವ ಪರಿಪಾಠವಿದೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯ ಅತ್ಯಂತ ದುರ್ಬಲ ಕೊಂಡಿ ಇದೇ. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1974ರ ಟೊಪಾಂಗ ಪ್ರಕರಣದಲ್ಲಿ, ಸಾಕ್ಷ್ಯದಿಂದ ತೀರ್ಮಾನದವರೆಗೆ ಆಡಳಿತ ಸಂಸ್ಥೆ ಯಾವ ದಾರಿಯಲ್ಲಿ ನಡೆದು ಬಂತೆಂಬುದು ಅದರ ಬರಹದಲ್ಲಿ ಕಾಣಬೇಕೆಂದು ವಿಧಿಸಿತು. ಮೇಲ್ಮನವಿಯನ್ನು ಪುರಸ್ಕರಿಸಿದರೂ, ತಳ್ಳಿಹಾಕಿದರೂ, ಒಂದೆರಡು ಮಹಡಿ ತಗ್ಗಿಸುವ ಷರತ್ತು ಹಾಕಿದರೂ ಈ ಹೊಣೆ ತಪ್ಪುವುದಿಲ್ಲ. ಸೋತವರು ಓದುವುದು ಅದನ್ನೇ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಬಹುತೇಕ ಅನುಮತಿಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಅವರಿಗಿರುವ ಕಾಲಾವಕಾಶ 90 ದಿನ.