ಬಿಳಿ ಮಚ್ಚೆಗೆ ಮುಲಾಮು ಹಚ್ಚುವ ಮೊದಲು

ನಮಸ್ಕಾರ. ಮೈಮೇಲೆ ಬಿಳಿ ಮಚ್ಚೆ ಕಂಡರೆ ಕೆಲವರು ತೊನ್ನು ಅಂತ ಹೆದರಿಬಿಡುತ್ತಾರೆ, ಇನ್ನು ಕೆಲವರು ಮನೆಯಲ್ಲಿರುವ ಯಾವುದೋ ಟ್ಯೂಬ್ ತೆಗೆದು ಹಚ್ಚುತ್ತಾರೆ. ದಯವಿಟ್ಟು ಎರಡೂ ಬೇಡ. ಮೊದಲು ಮಚ್ಚೆಯನ್ನು ಪರೀಕ್ಷಿಸಿ. ಕಣ್ಣು ಮುಚ್ಚಿಕೊಂಡಾಗ ಬೇರೆಯವರು ಅದಕ್ಕೆ ಹತ್ತಿಯ ಎಳೆ ತಾಗಿಸಲಿ. ಸ್ಪರ್ಶ ತಿಳಿಯದಿದ್ದರೆ ಅದು ಕುಷ್ಠ ಇರಬಹುದು, ಕೂಡಲೇ ವೈದ್ಯರ ಬಳಿ ಹೋಗಿ. 6ರಿಂದ 12 ತಿಂಗಳ ಮಾತ್ರೆಗಳಿಂದ ಪೂರ್ತಿ ವಾಸಿಯಾಗುವ ಕಾಯಿಲೆ ಅದು. ತಡಮಾಡಿದರೆ ನರಗಳು ಹಾಳಾಗುತ್ತವೆ.

ಸ್ಪರ್ಶ ಸರಿಯಿದೆ, ಉಗುರಿನಿಂದ ಮೆಲ್ಲಗೆ ಕೆರೆದರೆ ಹೊಟ್ಟು ಏಳುತ್ತದೆ, ಮಚ್ಚೆ ಇರುವುದು ಎದೆ, ಬೆನ್ನು, ಕತ್ತಿನಲ್ಲಿ ಅಂದರೆ ಬಹುಪಾಲು ಅದು ಚಿಬ್ಬು. ಎಲ್ಲರ ಚರ್ಮದಲ್ಲೂ ಇರುವ ಮಲಸೀಜಿಯಾ ಎಂಬ ಶಿಲೀಂಧ್ರ ಸೆಕೆಗೆ, ಬೆವರಿಗೆ, ಜಿಡ್ಡಿಗೆ ಹೆಚ್ಚಿಕೊಂಡಾಗ ಬರುತ್ತದೆ. 2% ಕೀಟೊಕೊನಝೋಲ್ ಶಾಂಪೂವನ್ನು ಒದ್ದೆ ಮೈಗೆ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಿರಿ. ದಿನಕ್ಕೊಮ್ಮೆಯಂತೆ 5 ದಿನ. ಮಚ್ಚೆಗಷ್ಟೇ ಹಚ್ಚಿದರೆ ಸಾಲದು, ಕತ್ತಿನಿಂದ ಸೊಂಟದವರೆಗೂ ಹಚ್ಚಬೇಕು, ಕಣ್ಣಿಗೆ ಕಾಣದ ಜಾಗದಲ್ಲೂ ಶಿಲೀಂಧ್ರ ಇರುತ್ತದೆ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಶಿಲೀಂಧ್ರ ಸತ್ತರೂ ಬಿಳುಪು ಉಳಿದಿರುತ್ತದೆ. ಬಣ್ಣ ಮರಳಲು ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಔಷಧಿ ಕೆಲಸ ಮಾಡಲಿಲ್ಲ ಅಂದುಕೊಂಡು ಇನ್ನೊಂದು, ಮತ್ತೊಂದು ಕ್ರೀಮಿಗೆ ಹೋಗುತ್ತಾರೆ. ಹೊಟ್ಟು ನಿಂತಿದೆಯೇ ನೋಡಿ. ನಿಂತಿದ್ದರೆ ಕಾಯುವುದೇ ಚಿಕಿತ್ಸೆ. ಕಡು ಸ್ಟೀರಾಯ್ಡ್ ಬೆರೆತ ಕ್ರೀಮನ್ನಂತೂ ಮುಟ್ಟಬೇಡಿ, ಅದು ಶಿಲೀಂಧ್ರಕ್ಕೆ ಅನುಕೂಲ, ಚರ್ಮವನ್ನೂ ತೆಳುವಾಗಿಸಿ ಬಿಳಿಚಿಸುತ್ತದೆ.

ಮಕ್ಕಳ ಕೆನ್ನೆಯ ಮಾಸಲು, ಒರಟು ಮಚ್ಚೆ ಸಾಮಾನ್ಯವಾಗಿ ಒಣಚರ್ಮದ್ದು. ಸ್ನಾನವಾದ ಕೂಡಲೇ ಮಾಯಿಶ್ಚರೈಸರ್, ಬಿಸಿಲಿಗೆ ಸನ್‌ಸ್ಕ್ರೀನ್ ಸಾಕು. ವಯಸ್ಸಾದವರ ಮೊಣಕಾಲಿನ ಕೆಳಗೆ ಅಕ್ಕಿಕಾಳಿನಂಥ ಬಿಳಿ ಚುಕ್ಕೆಗಳಿಗೆ ಏನೂ ಮಾಡಬೇಕಿಲ್ಲ.

ಹೊಟ್ಟಿಲ್ಲ, ಸುಣ್ಣದಂತೆ ಅಚ್ಚ ಬಿಳಿ, ಅಂಚು ಸ್ಪಷ್ಟ: ಇದು ತೊನ್ನು ಇರಬಹುದು. ದೇಹದ ರೋಗನಿರೋಧಕ ಶಕ್ತಿಯೇ ಬಣ್ಣದ ಕೋಶಗಳ ಮೇಲೆ ತಿರುಗಿಬೀಳುವುದರಿಂದ ಬರುವಂಥದ್ದು, ಮುಟ್ಟಿದರೆ ಹರಡುವುದಿಲ್ಲ. ಆ ಕಾರಣಕ್ಕೆ ಯಾರನ್ನಾದರೂ ದೂರವಿಡುವುದು ಶುದ್ಧ ಅನ್ಯಾಯ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ, ಎರಡೂ ಜೊತೆಯಾಗಿ ಬರುವುದುಂಟು. ಚಿಕಿತ್ಸೆಗೆ ಆ ದಾಳಿಯನ್ನು ತಗ್ಗಿಸುವ ಟ್ಯಾಕ್ರೊಲಿಮಸ್ ಮುಲಾಮು, ವಾರಕ್ಕೆ 2–3 ಸಲ ನ್ಯಾರೋಬ್ಯಾಂಡ್ ಯುವಿಬಿ ಎಂಬ ಒಂದು ಬಗೆಯ ಅತಿನೇರಳೆ ಬೆಳಕು, ಅದೂ ಹಲವು ತಿಂಗಳು. ಮುಖ ಬೇಗ ಸ್ಪಂದಿಸುತ್ತದೆ, ಬೆರಳತುದಿ ಕಷ್ಟ. ಮಚ್ಚೆಯೊಳಗಿನ ಕೂದಲು ಇನ್ನೂ ಕಪ್ಪಗಿದ್ದರೆ ಒಳ್ಳೆಯ ಲಕ್ಷಣ, ಬಣ್ಣ ಮರಳುವುದು ಹೆಚ್ಚಾಗಿ ಆ ಕೂದಲ ಬುಡದಿಂದಲೇ. ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಡಿ. ಬಿಳುಪಿನ ನಡುವೆ ಸಣ್ಣ ಕಂದು ಚುಕ್ಕೆಗಳು ಮೂಡುತ್ತಿದ್ದರೆ ಬಣ್ಣ ಮರಳುತ್ತಿದೆ ಅಂತ ಅರ್ಥ, ಚಿಕಿತ್ಸೆ ಬಿಡಬೇಡಿ.